ಗಾಯದ ಪಟ್ಟಿ, ಮುಟ್ಟಿನ ಬಟ್ಟೆ

ಶಸ್ತ್ರಚಿಕಿತ್ಸೆಗೂ ಮುಟ್ಟಿಗೂ ಇರುವ ನಂಟು ಎರಡು ಬಗೆಯದು. ಇಂದು ಅಂಗಡಿಯಲ್ಲಿ ಸಿಗುವ ಪ್ಯಾಡಿನ ವಂಶಾವಳಿ ಹಿಡಿದು ಹಿಂದೆ ಹೋದರೆ ಆಸ್ಪತ್ರೆಯ ಪಟ್ಟಿ ಕಟ್ಟುವ ಕೋಣೆಗೆ ತಲುಪುತ್ತೇವೆ. ಗಾಯಕ್ಕೆಂದು ಹದಗೊಳಿಸಿದ ಹತ್ತಿ, ಗಾಜ್ ಬಟ್ಟೆ, ಮರದ ತಿರುಳು ಇವೇ ಮುಂದೆ ಹೆಂಗಸರ ತಿಂಗಳ ಅಗತ್ಯಕ್ಕೆ ಒದಗಿದವು. ಆದರೆ ಈ ವಸ್ತುಗಳನ್ನು ಕೊಟ್ಟ ಅದೇ ಶಸ್ತ್ರವೈದ್ಯ, ಮುಟ್ಟಾದ ಹೆಂಗಸಿನ ಮೈಗೆ ಕತ್ತಿ ತಾಗಿಸಲು ಬಹುಕಾಲ ಹಿಂಜರಿದ. ಆ ಹಿಂಜರಿಕೆಯಲ್ಲಿ ಒಂದಿಷ್ಟು ಅನುಭವವಿತ್ತು, ಬಹಳಷ್ಟು ಅಂಜಿಕೆಯಿತ್ತು. ಅನುಭವ ಯಾವುದು, ಅಂಜಿಕೆ ಯಾವುದು ಎಂದು ಬೇರ್ಪಡಿಸಲು ವೈದ್ಯಲೋಕಕ್ಕೆ ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ಭಾರತದ ಹಳೆಯ ವೈದ್ಯಗ್ರಂಥಗಳಲ್ಲಿ ಈ ಎರಡೂ ವಿಷಯ ಒಂದೇ ಪುಸ್ತಕದೊಳಗೆ ಇದ್ದೂ ಒಂದನ್ನೊಂದು ಸಂಧಿಸುವುದಿಲ್ಲ. ಸುಶ್ರುತ ಸಂಹಿತೆಯ ಸೂತ್ರಸ್ಥಾನ ಗಾಯಕ್ಕೆ ಕಟ್ಟುವ ಪಟ್ಟಿಗಳಲ್ಲಿ 14 ಬಗೆಗಳನ್ನು ಹೆಸರಿಸಿ, ಮೈಯ ಯಾವ ಭಾಗಕ್ಕೆ ಯಾವುದು ಸರಿ ಎಂದು ಹೇಳುತ್ತದೆ. ಹತ್ತಿಯ ಉಂಡೆಗೆ ಅಲ್ಲಿ ಪಿಚು ಎಂಬ ಹೆಸರಿದೆ. ಎಣ್ಣೆಯಲ್ಲಿ ಅದ್ದಿದ ಪಿಚುವನ್ನು ಯೋನಿರೋಗಗಳಲ್ಲಿ ಒಳಗಿಡುವ ಚಿಕಿತ್ಸೆಯೂ ಆಯುರ್ವೇದಕ್ಕೆ ಗೊತ್ತಿತ್ತು. ಅದೇ ಸಂಹಿತೆಯ ಶಾರೀರಸ್ಥಾನಕ್ಕೆ ಬಂದರೆ ಮುಟ್ಟಾದವಳಿಗೆ ಮೂರು ದಿನದ ಕಟ್ಟುಪಾಡು: ದರ್ಭೆಯ ಹಾಸಿಗೆ, ಎಲೆಯಲ್ಲಿ ಊಟ, ಸ್ನಾನವಿಲ್ಲ, ಕಾಡಿಗೆಯಿಲ್ಲ, ಹಗಲು ನಿದ್ದೆಯಿಲ್ಲ, ಉಗುರು ಕತ್ತರಿಸುವಂತಿಲ್ಲ. ಈ ನಿಯಮಗಳನ್ನು ಮೀರಿದರೆ ಕೆಡುಕು ತಟ್ಟುವುದು ಅವಳಿಗಲ್ಲ, ಮುಂದೆ ಹುಟ್ಟುವ ಮಗುವಿಗೆ ಎಂಬುದು ಅಲ್ಲಿನ ವಿವರಣೆ. ಸ್ರಾವವನ್ನು ಹೇಗೆ ನಿಭಾಯಿಸಬೇಕು, ಯಾವ ಬಟ್ಟೆ, ಅದನ್ನು ಹೇಗೆ ಒಗೆಯಬೇಕು ಎಂಬ ವಿಚಾರ ಪುಸ್ತಕದ ಮಾತಾಗಲಿಲ್ಲ. ಅದು ಅಜ್ಜಿಯಿಂದ ಮೊಮ್ಮಗಳಿಗೆ ಹಿತ್ತಲಲ್ಲಿ ದಾಟಿದ ವಿದ್ಯೆ.

ಯುರೋಪಿನ ಸ್ಥಿತಿಯೂ ಹೆಚ್ಚು ಬೇರೆಯಾಗಿರಲಿಲ್ಲ. 19ನೇ ಶತಮಾನದ ನಡುಭಾಗದವರೆಗೆ ಗಾಯಕ್ಕೂ ಮುಟ್ಟಿಗೂ ಒದಗುತ್ತಿದ್ದದ್ದು ಒಂದೇ ಮೂಲದ ಬಟ್ಟೆ, ಮನೆಯಲ್ಲಿ ಸವೆದ ಲಿನನ್. ಆಸ್ಪತ್ರೆಗಳಿಗೆ ಹಳೆಯ ಹಾಸುಬಟ್ಟೆಗಳನ್ನು ದಾನ ಕೊಡುತ್ತಿದ್ದರು. ಅವುಗಳ ಎಳೆ ಬಿಡಿಸಿ ಚಾರ್ಪಿ ಎಂಬ ನೂಲಿನ ಮೆತ್ತೆ ಮಾಡಿ ಗಾಯಕ್ಕೆ ಒತ್ತುತ್ತಿದ್ದರು. ಬೇಯಿಸುವ ಮಾತಿರಲಿ, ಚೆನ್ನಾಗಿ ಒಗೆದಿದೆಯೇ ಎಂದು ನೋಡುವ ಪದ್ಧತಿಯೂ ಇರಲಿಲ್ಲ. ಗಾಯದಲ್ಲಿ ಕೀವು ಬರುವುದು ಗುಣವಾಗುವ ಲಕ್ಷಣ ಎಂದೇ ಅನೇಕ ವೈದ್ಯರು ನಂಬಿದ್ದರು. ಅಂಥ ಆಸ್ಪತ್ರೆಯಲ್ಲಿ ಮನೆಯಿಂದ ಒಗೆದು ತಂದ ಮುಟ್ಟಿನ ಬಟ್ಟೆಯೇ ವಾರ್ಡಿನ ಪಟ್ಟಿಗಿಂತ ಶುಚಿಯಾಗಿದ್ದ ಸಂದರ್ಭಗಳು ಕಡಿಮೆಯೇನೂ ಇದ್ದಿರಲಾರವು.

ಆ ಕಾಲದ ಶಸ್ತ್ರವೈದ್ಯರು ಮುಟ್ಟಿನ ದಿನಗಳನ್ನು ಬಿಟ್ಟು ಆಪರೇಷನ್ ಇಟ್ಟುಕೊಳ್ಳುತ್ತಿದ್ದರು. ಸ್ತ್ರೀರೋಗ ಶಸ್ತ್ರಚಿಕಿತ್ಸೆಯ ಪುಸ್ತಕಗಳು ಸ್ರಾವ ನಿಂತ ಮೇಲಿನ ಕೆಲವೇ ದಿನಗಳ ಅವಧಿಯನ್ನು ಶಿಫಾರಸು ಮಾಡುತ್ತಿದ್ದವು. ಇದಕ್ಕೆ ಕೊಡುತ್ತಿದ್ದ ಕಾರಣ, ಮುಟ್ಟಿನ ಹೊತ್ತಿಗೆ ಕಿಬ್ಬೊಟ್ಟೆಯ ಅಂಗಗಳಲ್ಲಿ ರಕ್ತ ತುಂಬಿ ನಿಂತಿರುತ್ತದೆ, ಕತ್ತಿ ತಾಗಿದರೆ ಹೆಚ್ಚು ಹರಿಯುತ್ತದೆ ಎಂಬುದು. ಗರ್ಭಕೋಶದ ಕುತ್ತಿಗೆ, ಯೋನಿ ಮುಂತಾದ ಕಡೆಯ ಹೊಲಿಗೆಗಳಿಗೆ ಈ ಎಚ್ಚರದಲ್ಲಿ ಅರ್ಥವಿತ್ತು. ಹೊಲಿಗೆಯ ಮೇಲೆ ರಕ್ತ ಹರಿಯುತ್ತಿದ್ದರೆ ವೈದ್ಯನಿಗೆ ಕಣ್ಣು ಕಾಣದು, ಗಾಯ ಒಣಗದು. ಆದರೆ ಕೈ ಬೆರಳಿನ ಗಡ್ಡೆಗೂ ಕಣ್ಣಿನ ಪೊರೆಗೂ ಇದೇ ನಿಯಮ ಹಿಗ್ಗಿಸಿದ್ದು ಅನುಭವದಿಂದಲ್ಲ. ಮುಟ್ಟು ಎಂದರೆ ಇಡೀ ಮೈಯ ವಿಷ ಹೊರಹೋಗುವ ಹೊತ್ತು, ಆಗ ಮೈಯನ್ನು ಕದಡಬಾರದು ಎಂಬ, ಪ್ರಾಚೀನ ಗ್ರೀಕ್ ವೈದ್ಯ ಗ್ಯಾಲೆನನ ಕಾಲದ ನಂಬಿಕೆ ಅದರ ಬೆನ್ನಿಗಿತ್ತು. ಮುಟ್ಟು ನಿಂತರೆ ರಕ್ತ ಮೂಗಿನಿಂದಲೋ ಹಳೆಯ ಗಾಯದಿಂದಲೋ ಬೇರೆ ದಾರಿ ಹುಡುಕಿಕೊಳ್ಳುತ್ತದೆ ಎಂಬ ವರದಿಗಳೂ ಆಗಿನ ವೈದ್ಯಪತ್ರಿಕೆಗಳಲ್ಲಿ ಬರುತ್ತಿದ್ದವು.

ಕೆಲವು ವೈದ್ಯರು ಇನ್ನೂ ಮುಂದೆ ಹೋದರು. ಮುಟ್ಟಿನ ದಿನ ತಪ್ಪಿಸುವುದು ಬಿಟ್ಟು ಮುಟ್ಟನ್ನೇ ಕತ್ತರಿಸಿ ತೆಗೆಯಲು ಹೊರಟರು. ಅಮೆರಿಕದ ಜಾರ್ಜಿಯಾ ರಾಜ್ಯದ ರೋಮ್ ಎಂಬ ಊರಿನಲ್ಲಿ ರಾಬರ್ಟ್ ಬ್ಯಾಟಿ 1872ರಲ್ಲಿ ಮುಟ್ಟಿನ ತೀವ್ರ ತೊಂದರೆಯಿದ್ದ ಹೆಣ್ಣೊಬ್ಬಳ ಎರಡೂ ಅಂಡಾಶಯಗಳನ್ನು ತೆಗೆದ. ಗಡ್ಡೆ ಇಲ್ಲದ ಅಂಡಾಶಯ ತೆಗೆದು ಮುಟ್ಟು ನಿಲ್ಲಿಸುವುದೇ ಅವನ ಉದ್ದೇಶ. ಅದೇ ವರ್ಷ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಲಾಸನ್ ಟೇಟ್, ಜರ್ಮನಿಯ ಫ್ರೈಬುರ್ಗಿನಲ್ಲಿ ಆಲ್ಫ್ರೆಡ್ ಹೇಗರ್ ಇಂಥ ಕೆಲಸಕ್ಕೆ ಕೈ ಹಾಕಿದರು. ನೋವಿಗೆ, ಮೂರ್ಛೆಗೆ, ಕೊನೆಗೆ ಮನಸ್ಸಿನ ಕಳವಳಕ್ಕೂ ಇದು ಮದ್ದು ಎಂಬಂತಾಗಿ ಮುಂದಿನ ಎರಡು ದಶಕ ಈ ಆಪರೇಷನ್ ಹಬ್ಬಿತು. ಆಗಿನ್ನೂ ಹೊಟ್ಟೆ ತೆರೆದವರಲ್ಲಿ ಅನೇಕರು ನಂಜಿನಿಂದ ಸಾಯುತ್ತಿದ್ದರು. ಶತಮಾನದ ಕೊನೆಗೆ ವೈದ್ಯರೇ ಇದನ್ನು ಖಂಡಿಸತೊಡಗಿದ ಮೇಲೆ ಅದು ಹಿಂದೆ ಸರಿಯಿತು.

ವಿಯೆನ್ನಾದಲ್ಲಿ ನಡೆದ ಪ್ರಸಂಗ ಇನ್ನೂ ವಿಚಿತ್ರ. ಬರ್ಲಿನ್ನಿನ ಮೂಗಿನ ವೈದ್ಯ ವಿಲ್ಹೆಲ್ಮ್ ಫ್ಲೀಸ್ ಮೂಗಿಗೂ ಹೆಣ್ಣಿನ ಜನನಾಂಗಕ್ಕೂ ನೇರ ಸಂಬಂಧವಿದೆ, ಮುಟ್ಟಿನ ನೋವಿಗೆ ಮೂಗಿನೊಳಗೆ ಚಿಕಿತ್ಸೆ ಮಾಡಬೇಕು ಎಂದು ಸಾಧಿಸುತ್ತಿದ್ದ. ಅವನ ಗೆಳೆಯ ಸಿಗ್ಮಂಡ್ ಫ್ರಾಯ್ಡ್ ತನ್ನ ರೋಗಿ ಎಮ್ಮಾ ಎಕ್‌ಸ್ಟೈನಳನ್ನು 1895ರಲ್ಲಿ ಅವನ ಕೈಗೊಪ್ಪಿಸಿದ. ಫ್ಲೀಸ್ ಮೂಗಿನ ಮೂಳೆಯ ಭಾಗ ತೆಗೆದು ಬರ್ಲಿನ್ನಿಗೆ ಮರಳಿದ. ವಾರಗಟ್ಟಲೆ ಕೀವು, ದುರ್ನಾತ, ರಕ್ತ. ಕೊನೆಗೆ ಬೇರೊಬ್ಬ ವೈದ್ಯ ಮೂಗಿನೊಳಗಿನಿಂದ ಅರ್ಧ ಮೀಟರಿನಷ್ಟು ಗಾಜ್ ಎಳೆದು ತೆಗೆದಾಗ ರಕ್ತ ಧುಮ್ಮಿಕ್ಕಿ ಅವಳು ಸಾವಿನ ಅಂಚಿಗೆ ಹೋಗಿ ಬಂದಳು. ಫ್ಲೀಸ್ ಮರೆತುಹೋಗಿದ್ದ ಪಟ್ಟಿಯದು. ಎರಡು ವರ್ಷದ ಬಳಿಕ ಅವನು ತನ್ನ ಸಿದ್ಧಾಂತವನ್ನು ಪುಸ್ತಕವಾಗಿಯೇ ಪ್ರಕಟಿಸಿದ.

ಇಂಥ ನಂಬಿಕೆಗಳನ್ನು ಆ ಕಾಲದ ವಿದ್ಯಾವಂತರು ಎಷ್ಟು ಸಹಜವಾಗಿ ಒಪ್ಪಿದ್ದರು ಎಂಬುದಕ್ಕೆ ಬ್ರಿಟಿಷ್ ಮೆಡಿಕಲ್ ಜರ್ನಲಿನ 1878ರ ಸಂಚಿಕೆಗಳನ್ನು ನೋಡಬೇಕು. ಮುಟ್ಟಾದ ಹೆಂಗಸು ಉಪ್ಪು ಹಚ್ಚಿದರೆ ಹಂದಿಮಾಂಸ ಕೆಡುತ್ತದೆಯೇ ಎಂಬ ಪ್ರಶ್ನೆಗೆ ವೈದ್ಯರು ಪತ್ರ ಬರೆದು ಹೌದು, ತಮಗೂ ಅನುಭವವಾಗಿದೆ ಎಂದು ಸಾಕ್ಷಿ ನುಡಿದಿದ್ದಾರೆ. ಉಪ್ಪಿನಕಾಯಿ ಭರಣಿಯ ಹತ್ತಿರ ಸುಳಿಯಬೇಡ ಎನ್ನುವ ನಮ್ಮ ಮನೆಗಳ ಅಜ್ಜಿಯಂದಿರನ್ನು ಮಾತ್ರ ಗೇಲಿ ಮಾಡುವುದು ಹಾಗಾದರೆ ಅನ್ಯಾಯ. ಆ ಪತ್ರಗಳಿಗೆ ಎರಡು ವರ್ಷ ಮುಂಚೆ ನ್ಯೂಯಾರ್ಕಿನ ವೈದ್ಯೆ ಮೇರಿ ಪಟ್ನಮ್ ಜಾಕೋಬಿ ಬೇರೆ ದಾರಿ ಹಿಡಿದಿದ್ದರು. ಮುಟ್ಟಿನ ದಿನಗಳಲ್ಲಿ ಹೆಂಗಸರಿಗೆ ವಿಶ್ರಾಂತಿ ಬೇಕೇ ಎಂಬ ವಿಷಯಕ್ಕೆ ಹಾರ್ವರ್ಡ್ ವಿಶ್ವವಿದ್ಯಾಲಯ ಇಟ್ಟ ಬಾಯ್ಲ್‌ಸ್ಟನ್ ಬಹುಮಾನವನ್ನು 1876ರಲ್ಲಿ ಗೆದ್ದದ್ದು ಅವರ ಪ್ರಬಂಧ. ಅವರು ಹೆಂಗಸರಿಗೇ ಪ್ರಶ್ನೆಪಟ್ಟಿ ಕಳಿಸಿ ಬಂದ 268 ಉತ್ತರಗಳನ್ನು ಲೆಕ್ಕ ಹಾಕಿದರು, ನಾಡಿ ಮತ್ತು ಸ್ನಾಯುಬಲವನ್ನು ತಿಂಗಳುದ್ದಕ್ಕೂ ಅಳೆದರು. ಆರೋಗ್ಯವಂತ ಹೆಂಗಸು ಆ ದಿನಗಳಲ್ಲಿ ಎಂದಿನ ಕೆಲಸ ನಿಲ್ಲಿಸಬೇಕಾದ ಕಾರಣವಿಲ್ಲ ಎಂಬುದು ಅವರ ತೀರ್ಮಾನ. ಶಸ್ತ್ರವೈದ್ಯರು ಮಾತ್ರ ಅದನ್ನು ತಮ್ಮ ಆಪರೇಷನ್ ಮೇಜಿಗೆ ಅನ್ವಯಿಸಿಕೊಳ್ಳಲಿಲ್ಲ.

ಬದಲಾವಣೆ ಬಂದದ್ದು ಬೇರೆ ಕಡೆಯಿಂದ. ಗ್ಲಾಸ್ಗೋದ ಆಸ್ಪತ್ರೆಯಲ್ಲಿ ಜೋಸೆಫ್ ಲಿಸ್ಟರ್ 1865ರ ಆಗಸ್ಟಿನಲ್ಲಿ ಗಾಡಿಯ ಚಕ್ರ ಹರಿದು ಕಾಲುಮೂಳೆ ಮುರಿದಿದ್ದ 11 ವರ್ಷದ ಹುಡುಗನ ಗಾಯಕ್ಕೆ ಕಾರ್ಬಾಲಿಕ್ ಆಮ್ಲದಲ್ಲಿ ನೆನೆಸಿದ ಪಟ್ಟಿ ಕಟ್ಟಿದ. ಕೀವಾಗದೆ ಗಾಯ ಮಾಗಿತು. 1867ರಲ್ಲಿ ಅವನ ಲೇಖನಮಾಲೆ ಪ್ರಕಟವಾದ ಮೇಲೆ, ಪಟ್ಟಿ ಎಂಬುದು ಗಾಯ ಮುಚ್ಚುವ ಚಿಂದಿಯಲ್ಲ, ನಂಜು ತಡೆಯುವ ಸಾಧನ ಎಂಬ ತಿಳಿವಳಿಕೆ ನಿಧಾನವಾಗಿ ಹರಡಿತು. ಹಾಗೆಂದ ಮೇಲೆ ಪಟ್ಟಿಯನ್ನು ಮನೆಯ ಹಳೆಯ ಬಟ್ಟೆಯಿಂದ ಮಾಡುವಂತಿಲ್ಲ, ಕಾರ್ಖಾನೆ ಬೇಕು.

ಅಲ್ಲಿಯವರೆಗೆ ಹತ್ತಿ ಗಾಯದ ಸ್ರಾವ ಹೀರುವ ಕೆಲಸಕ್ಕೆ ಬರುತ್ತಿರಲಿಲ್ಲ. ಗಿಡದಿಂದ ಬಿಡಿಸಿದ ಹತ್ತಿಯ ಎಳೆಯ ಮೇಲೆ ಮೇಣದಂಥ ಜಿಡ್ಡಿರುತ್ತದೆ. ನೀರಿಗೆ ಹಾಕಿದರೆ ಅದು ಹೀರದೆ ತೇಲುತ್ತದೆ. ಕ್ಷಾರದಲ್ಲಿ ಕುದಿಸಿ ಜಿಡ್ಡು ತೆಗೆದರೆ ಮಾತ್ರ ರಕ್ತ ಹೀರುತ್ತದೆ. ಜರ್ಮನಿಯ ಟ್ಯೂಬಿಂಗೆನ್ನಿನ ಶಸ್ತ್ರವೈದ್ಯ ವಿಕ್ಟರ್ ಫಾನ್ ಬ್ರೂನ್ಸ್ ಇಂಥ ಹೀರುವ ಹತ್ತಿಯನ್ನು ಬಳಕೆಗೆ ತಂದ. ಹೈಡೆನ್‌ಹೈಮಿನ ಪೌಲ್ ಹಾರ್ಟ್‌ಮನ್ 1873ರಲ್ಲಿ ಅದನ್ನು ಕಾರ್ಖಾನೆಯಲ್ಲಿ ತಯಾರಿಸತೊಡಗಿದ. ಬರ್ಮಿಂಗ್‌ಹ್ಯಾಮಿನ ಕ್ವೀನ್ಸ್ ಆಸ್ಪತ್ರೆಯ ಶಸ್ತ್ರವೈದ್ಯ ಸ್ಯಾಂಪ್ಸನ್ ಗ್ಯಾಮ್‌ಜಿ 1880ರಲ್ಲಿ ಹೊಸ ಮೆತ್ತೆಯೊಂದನ್ನು ರೂಪಿಸಿದ. ಮೇಲೆ ಕೆಳಗೆ ಗಾಜ್, ನಡುವೆ ದಪ್ಪ ಹೀರುವ ಹತ್ತಿ. ಗಾಯದ ಸ್ರಾವ ಹತ್ತಿಗೆ ಇಳಿಯುತ್ತದೆ, ಹತ್ತಿಯ ಎಳೆ ಗಾಯಕ್ಕೆ ಅಂಟುವುದಿಲ್ಲ, ಇಡೀ ಮೆತ್ತೆಯನ್ನು ಒಮ್ಮೆಗೇ ತೆಗೆದು ಎಸೆಯಬಹುದು. ಆ ಊರಲ್ಲಿ ಈ ಮೆತ್ತೆಗೆ ಗ್ಯಾಮ್‌ಜಿ ಎಂಬ ಹೆಸರೇ ನಿಂತಿತು. 

ಗ್ಯಾಮ್‌ಜಿಯ ಮೆತ್ತೆಯ ವಿವರಣೆಯನ್ನೇ ಮುಟ್ಟಿನ ಪ್ಯಾಡಿನ ವಿವರಣೆಯಾಗಿಯೂ ಓದಬಹುದು. ಇದು ಆಕಸ್ಮಿಕವಲ್ಲ. ಆಸ್ಪತ್ರೆಗೆ ಪಟ್ಟಿ ಒದಗಿಸುತ್ತಿದ್ದ ಕಂಪನಿಗಳೇ ಮುಟ್ಟಿನ ಪ್ಯಾಡಿಗೂ ಮೊದಲಾದವು. ಬರ್ಮಿಂಗ್‌ಹ್ಯಾಮಿನದೇ ಆದ ಸೌತಾಲ್ ಬ್ರದರ್ಸ್ ಕಂಪನಿ ಶತಮಾನದ ಕೊನೆಯ ದಶಕಗಳಲ್ಲಿ ಬಳಸಿ ಎಸೆಯುವ ಪ್ಯಾಡುಗಳನ್ನು ಪತ್ರಿಕೆಗಳಲ್ಲಿ ಜಾಹೀರಾತು ಮಾಡಿ ಮಾರಿತು. ಪ್ರಯಾಣ ಹೊರಟ ಹೆಂಗಸರು ಅದರ ಮುಖ್ಯ ಗಿರಾಕಿಗಳು, ಏಕೆಂದರೆ ಹಡಗಿನಲ್ಲಿ ಬಟ್ಟೆ ಒಗೆದು ಒಣಗಿಸುವ ಜಾಗವಿಲ್ಲ. ಜರ್ಮನಿಯ ಹಾರ್ಟ್‌ಮನ್ ಮರದ ನಾರಿನ ಪ್ಯಾಡುಗಳನ್ನು ಮಾರಿದ. ಅಮೆರಿಕದಲ್ಲಿ ಶಸ್ತ್ರಚಿಕಿತ್ಸೆಯ ಪಟ್ಟಿಗಳಿಗೆಂದೇ 1886ರಲ್ಲಿ ಶುರುವಾದ ಜಾನ್ಸನ್ ಅಂಡ್ ಜಾನ್ಸನ್ 1890ರ ದಶಕದಲ್ಲಿ ತಂದ ಪ್ಯಾಡಿನ ಹೆಸರು ಲಿಸ್ಟರ್ಸ್ ಟವೆಲ್ಸ್. ನಂಜುನಿರೋಧದ ಪಿತಾಮಹನ ಹೆಸರು ಮುಟ್ಟಿನ ಪ್ಯಾಡಿಗೆ ಬಂದದ್ದು ಹೀಗೆ. ಆ ಹೆಸರಿನ ತೂಕವೂ ಸಾಲಲಿಲ್ಲ. ಅಂಗಡಿಗೆ ಹೋಗಿ ಕೇಳಲು ಹೆಂಗಸರು ನಾಚಿದರು, ಸರಕು ಉಳಿಯಿತು.

ಮೊದಲ ಮಹಾಯುದ್ಧ ಈ ಕಥೆಗೆ ತಿರುವು ಕೊಟ್ಟಿತು. ಅಮೆರಿಕದ ವಿಸ್ಕಾನ್ಸಿನ್ನಿನ ಕಾಗದ ಕಂಪನಿ ಕಿಂಬರ್ಲಿ-ಕ್ಲಾರ್ಕಿನ ಜೇಮ್ಸ್ ಕಿಂಬರ್ಲಿ ಮತ್ತು ರಸಾಯನತಜ್ಞ ಅರ್ನ್ಸ್ಟ್ ಮಾಹ್ಲರ್ 1914ರಲ್ಲಿ ಯುರೋಪಿನ ಕಾಗದ ಗಿರಣಿಗಳನ್ನು ನೋಡಿ ಬಂದು, ಮರದ ತಿರುಳಿನಿಂದ ಹತ್ತಿಯಂತೆ ಹೀರುವ ಮೆತ್ತೆ ತಯಾರಿಸಿದರು. ಅದಕ್ಕೆ ಸೆಲ್ಯುಕಾಟನ್ ಎಂದು ಹೆಸರಿಟ್ಟರು. ಹತ್ತಿಗಿಂತ ಐದು ಪಟ್ಟು ಹೀರುತ್ತದೆ, ಬೆಲೆಯೂ ಕಡಿಮೆ ಎಂಬುದು ಅದರ ಹೆಗ್ಗಳಿಕೆ. ಯುದ್ಧದ ಗಾಯಾಳುಗಳಿಗೆ ಹತ್ತಿ ಸಾಲದೆ ಬ್ರಿಟನ್ನಿನಲ್ಲಿ ಜೌಗು ನೆಲದ ಪಾಚಿಯನ್ನು ಕೂಡಿಸಿ ಪಟ್ಟಿ ಮಾಡುತ್ತಿದ್ದ ಕಾಲವದು. ಅಮೆರಿಕ 1917ರಲ್ಲಿ ಯುದ್ಧಕ್ಕಿಳಿದ ಮೇಲೆ ಸೈನ್ಯವೂ ರೆಡ್ ಕ್ರಾಸೂ ಸೆಲ್ಯುಕಾಟನ್ ಕೊಂಡವು. 1918ರ ನವೆಂಬರಿನಲ್ಲಿ ಕದನ ನಿಂತಾಗ ಕಂಪನಿಯ ಕೈಯಲ್ಲಿ ಕೆಲಸವಿಲ್ಲದ ಯಂತ್ರಗಳು ಉಳಿದವು. ಯುದ್ಧದ ಆಸ್ಪತ್ರೆಗಳ ದಾದಿಯರು ಈ ಪಟ್ಟಿಯನ್ನು ತಮ್ಮ ಮುಟ್ಟಿಗೆ ಬಳಸುತ್ತಿದ್ದ ಸುದ್ದಿ ಕಂಪನಿಗೆ ತಲುಪಿ, 1920ರಲ್ಲಿ ಕೋಟೆಕ್ಸ್ ಪ್ಯಾಡ್ ಮಾರುಕಟ್ಟೆಗೆ ಬಂತು.

ದಾದಿಯರ ಈ ಕಥೆಯನ್ನು ಹೆಚ್ಚು ಹೇಳಿದ್ದು ಕಂಪನಿಯೇ. ಜಾಹೀರಾತಿಗೆ ಅದು ಚೆನ್ನಾಗಿ ಒಗ್ಗಿತು. 1921ರ ಮೊದಲ ಜಾಹೀರಾತುಗಳಲ್ಲಿ ಗಾಯಾಳು ಸೈನಿಕರೂ ದಾದಿಯರೂ ಕಾಣುತ್ತಾರೆಯೇ ಹೊರತು ಮುಟ್ಟಿನ ಮಾತು ಬಹಳ ಕಡಿಮೆ. ಆದರೂ ಕಥೆ ಕಟ್ಟುಕಥೆಯೆನ್ನಲು ಕಾರಣವಿಲ್ಲ. ಕೈಗೆಟುಕುವಲ್ಲಿ ಶುಚಿಯಾದ, ಬಳಸಿ ಸುಡಬಹುದಾದ ಮೆತ್ತೆಯ ರಾಶಿಯಿದ್ದಾಗ, ದಿನಕ್ಕೆ ಹದಿನಾಲ್ಕು ಗಂಟೆ ನಿಂತು ದುಡಿಯುವ ದಾದಿ ಹಳೆ ಬಟ್ಟೆ ಒಗೆಯುತ್ತ ಕೂರುವಳೇ? ಕೆಲವು ಅಂಗಡಿಗಳು ಕೋಟೆಕ್ಸ್ ಡಬ್ಬಗಳನ್ನು ಮುಂಗಟ್ಟೆಯ ಮೇಲೆ ಜೋಡಿಸಿ ಪಕ್ಕದಲ್ಲಿ ದುಡ್ಡಿನ ಪೆಟ್ಟಿಗೆ ಇಟ್ಟವು. ಹಣ ಹಾಕಿ ಡಬ್ಬ ಎತ್ತಿಕೊಂಡರಾಯಿತು, ಬಾಯಿ ಬಿಡಬೇಕಿಲ್ಲ. ಲಿಸ್ಟರ್ಸ್ ಟವೆಲ್ಸ್ ಸೋತ ಕಡೆ ಕೋಟೆಕ್ಸ್ ಗೆದ್ದದ್ದರಲ್ಲಿ ಈ ಪೆಟ್ಟಿಗೆಯ ಪಾಲೂ ಇದೆ.

ಮರದ ತಿರುಳಿನ ಆ ಗುಟ್ಟು ಭಾರತಕ್ಕೆ ಬಹಳ ತಡವಾಗಿ ಬಿಚ್ಚಿಕೊಂಡಿತು. ಕೊಯಮತ್ತೂರಿನ ಅರುಣಾಚಲಂ ಮುರುಗಾನಂದಂ 1990ರ ದಶಕದ ಕೊನೆಯಲ್ಲಿ ಅಗ್ಗದ ಪ್ಯಾಡ್ ಮಾಡಲು ಹೊರಟಾಗ ಹತ್ತಿಯಿಂದ ಮಾಡಿದ್ದು ಯಾವುದೂ ಸರಿಬರಲಿಲ್ಲ. ಕಂಪನಿಯ ಪ್ಯಾಡಿನೊಳಗೆ ಇರುವುದು ಹತ್ತಿಯಲ್ಲ, ಮರದ ಸೆಲ್ಯುಲೋಸ್ ಎಂದು ತಿಳಿದ ಮೇಲೆಯೇ ಅವರ ಯಂತ್ರ ರೂಪುಗೊಂಡಿತು. ಭಾರತದ ಆಸ್ಪತ್ರೆಗಳಲ್ಲಾದರೋ ಗ್ಯಾಮ್‌ಜಿಯ ಕ್ರಮವೇ ದೀರ್ಘಕಾಲ ನಡೆಯಿತು. ಹತ್ತಿಯ ಸುರುಳಿಯಿಂದ ತುಂಡು ಕತ್ತರಿಸಿ ಗಾಜ್ ಬಟ್ಟೆಯಲ್ಲಿ ಸುತ್ತಿ, ಉಗಿಪೆಟ್ಟಿಗೆಯ ಡ್ರಮ್ಮಿನಲ್ಲಿಟ್ಟು ಶುದ್ಧಗೊಳಿಸುವುದು ಸಿಸ್ಟರುಗಳ, ಆಯಾಗಳ ಬಿಡುವಿನ ಹೊತ್ತಿನ ಕೆಲಸ. ಬಾಣಂತಿಗೂ ಆಪರೇಷನ್ ಆದವಳಿಗೂ ಮುಟ್ಟಾದವಳಿಗೂ ಅದೇ ಪ್ಯಾಡ್. ಸೊಂಟದ ಸುತ್ತ ಒಂದು ಪಟ್ಟಿ, ತೊಡೆಗಳ ನಡುವೆ ಇನ್ನೊಂದು ಎಂಬ ಟಿ ಆಕಾರದ ಕಟ್ಟು ಅದನ್ನು ಹಿಡಿದು ನಿಲ್ಲಿಸುತ್ತಿತ್ತು. ಪ್ಯಾಡಿನ ಬೆನ್ನಿಗೆ ಅಂಟು ಬಂದದ್ದು 1970ರ ಆಸುಪಾಸಿನಲ್ಲಿ. ಅಲ್ಲಿಯವರೆಗೆ ಅಂಗಡಿಯ ಪ್ಯಾಡಿಗೂ ಬೆಲ್ಟು, ಪಿನ್ನು ಬೇಕಿತ್ತು.

ಪ್ಯಾಡ್ ಶುಚಿಯಾದರೂ ರಕ್ತ ಶುಚಿಯಾಗಲಿಲ್ಲ, ಅಂದರೆ ವೈದ್ಯರ ಮನಸ್ಸಿನಲ್ಲಿ. ವಿಯೆನ್ನಾದ ಮಕ್ಕಳ ವೈದ್ಯ ಬೇಲಾ ಶಿಕ್ 1920ರಲ್ಲಿ ಪ್ರಕಟಿಸಿದ ಲೇಖನ ಇದಕ್ಕೆ ಹೊಸ ಬೆಂಕಿ ಹಚ್ಚಿತು. ಮನೆಗೆಲಸದ ಹುಡುಗಿಯ ಕೈಗೆ ಕೊಟ್ಟ ಹೂವು ಬೇಗ ಬಾಡಿದ್ದು ಅವಳು ಮುಟ್ಟಾಗಿದ್ದರಿಂದ ಎಂದು ಅವನು ಊಹಿಸಿದ, ಪ್ರಯೋಗಗಳನ್ನೂ ಮಾಡಿದ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಮಾಕ್ಟ್ ಮತ್ತು ಡೊರೊತಿ ಲೂಬಿನ್ ಸಸಿಗಳ ಮೇಲೆ ಪ್ರಯೋಗ ಮಾಡಿ, ಮುಟ್ಟಿನ ರಕ್ತದಲ್ಲಿದೆ ಎಂದು ನಂಬಿದ ವಿಷವನ್ನು ಮೆನೊಟಾಕ್ಸಿನ್ ಎಂದು ಕರೆದರು. ಶಿಕ್ ಸಾಮಾನ್ಯನಲ್ಲ. ಡಿಫ್ತೀರಿಯಾ ತಡೆಯಲು ನೆರವಾದ ಚರ್ಮಪರೀಕ್ಷೆ ಅವನ ಹೆಸರಿನದೇ. ಅಂಥವನ ಬಾಯಿಂದ ಬಂದದ್ದರಿಂದಲೇ ಈ ಮಾತು ಮೂವತ್ತು ವರ್ಷ ಉಸಿರಾಡಿತು. ಮುಟ್ಟಿನ ರಕ್ತ ಚುಚ್ಚಿದ ಇಲಿಗಳು ಸತ್ತದ್ದೂ ಪುರಾವೆಯಾಗಿ ಕಂಡಿತು.

ಜೆರುಸಲೇಮಿನ ಬರ್ನ್‌ಹಾರ್ಡ್ ಜೋಂಡೆಕ್ 1953ರಲ್ಲಿ ಸರಳ ಪ್ರಯೋಗವೊಂದರಿಂದ ಇದನ್ನು ಮುರಿದ. ಅದೇ ರಕ್ತಕ್ಕೆ ಪೆನಿಸಿಲಿನ್‌ನಂಥ ಜೀವಿರೋಧಕ ಬೆರೆಸಿ ಚುಚ್ಚಿದಾಗ ಪ್ರಾಣಿಗಳು ಬದುಕಿದವು. ಕೊಲ್ಲುತ್ತಿದ್ದದ್ದು ರಕ್ತದೊಳಗಿನ ಯಾವ ವಿಶೇಷ ವಿಷವೂ ಅಲ್ಲ, ಹೊರಬರುವ ದಾರಿಯಲ್ಲಿ ಸೇರಿಕೊಂಡ ಸಾಮಾನ್ಯ ಬ್ಯಾಕ್ಟೀರಿಯಾ. ಶಸ್ತ್ರವೈದ್ಯನಿಗೆ ಇದರ ಅರ್ಥ ಸ್ಪಷ್ಟ. ಮುಟ್ಟಾದವಳ ಹೊಟ್ಟೆ ತೆರೆಯುವಾಗ ಬೇಕಾದ ಎಚ್ಚರ ಬೇರೆ ಯಾರ ಹೊಟ್ಟೆ ತೆರೆಯುವಾಗಲೂ ಬೇಕಾದದ್ದೇ. ಚರ್ಮ ತೊಳೆಯುವುದು, ಯೋನಿಭಾಗವನ್ನು ಹೊದಿಕೆಯಿಂದ ಬೇರೆ ಇಡುವುದು, ಉಪಕರಣ ಬೇಯಿಸುವುದು.

ಮುಟ್ಟಿನ ದಿನ ಕತ್ತಿ ಹಿಡಿದದ್ದರಿಂದಲೇ ಒಂದು ದೊಡ್ಡ ತಿಳಿವೂ ದಕ್ಕಿತ್ತು. ನ್ಯೂಯಾರ್ಕ್ ರಾಜ್ಯದ ಆಲ್ಬನಿಯ ಜಾನ್ ಸ್ಯಾಂಪ್ಸನ್ ಮುಟ್ಟಾಗಿದ್ದ ಕೆಲವರ ಹೊಟ್ಟೆ ತೆರೆದಾಗ ಅಂಡನಾಳದ ತುದಿಯಿಂದ ರಕ್ತ ಒಳಗಡೆಗೆ ಸೋರುವುದನ್ನು ಕಂಡ. ಗರ್ಭಕೋಶದ ಒಳಪದರದ ಕಣಗಳು ಹೀಗೆ ಹಿಂದಕ್ಕೆ ಹರಿದು ಹೊಟ್ಟೆಯೊಳಗೆ ಬೇರೂರುವುದೇ ಎಂಡೊಮೆಟ್ರಿಯೋಸಿಸ್ ಎಂದು 1927ರಲ್ಲಿ ವಾದಿಸಿದ. ಈ ವಾದ ಇಂದಿಗೂ ಚರ್ಚೆಯಲ್ಲಿದೆ, ಏಕೆಂದರೆ ಹಿಮ್ಮುಖ ಹರಿವು ಬಹುತೇಕ ಎಲ್ಲರಲ್ಲೂ ಇದ್ದರೂ ರೋಗ ಬರುವುದು ಕೆಲವರಿಗೆ ಮಾತ್ರ. 1984ರ ಒಂದು ಅಧ್ಯಯನದಲ್ಲಿ ಮುಟ್ಟಿನ ಹೊತ್ತಿನಲ್ಲಿ ಲ್ಯಾಪರೋಸ್ಕೋಪಿ ಮಾಡಿದಾಗ, ಅಂಡನಾಳ ತೆರೆದಿದ್ದ ಶೇ. 90ರಷ್ಟು ಹೆಂಗಸರಲ್ಲಿ ಹೊಟ್ಟೆಯೊಳಗಿನ ದ್ರವದಲ್ಲಿ ರಕ್ತ ಸಿಕ್ಕಿತು. ಹಳೆಯ ವೈದ್ಯರಂತೆ ಆ ದಿನಗಳನ್ನು ಬಿಟ್ಟೇ ಆಪರೇಷನ್ ಮಾಡುತ್ತಿದ್ದರೆ ಇದು ಕಣ್ಣಿಗೆ ಬೀಳುತ್ತಿರಲಿಲ್ಲ.

ಟ್ಯಾಂಪೂನಿನ ಮೂಲವೂ ಶಸ್ತ್ರವೈದ್ಯನ ಚೀಲದಲ್ಲಿದೆ. ರಕ್ತ ನಿಲ್ಲಿಸಲು ಗಾಯದೊಳಗೆ ತುರುಕುವ ಬಟ್ಟೆಯ ಬೆಣೆ ಬಹಳ ಹಳೆಯ ಉಪಾಯ. ಡೆನ್ವರ್ ನಗರದ ವೈದ್ಯ ಅರ್ಲ್ ಹಾಸ್ ಹತ್ತಿಯನ್ನು ಒತ್ತಿ, ದಾರ ಹೊಲಿದು, ಕಾಗದದ ಕೊಳವೆಯಲ್ಲಿಟ್ಟ ಟ್ಯಾಂಪೂನಿಗೆ 1933ರಲ್ಲಿ ಪೇಟೆಂಟ್ ಪಡೆದ. ಗರ್ಟ್ರೂಡ್ ಟೆಂಡ್ರಿಚ್ ಅದನ್ನು ಕೊಂಡು ಟ್ಯಾಂಪ್ಯಾಕ್ಸ್ ಎಂದು ಮಾರಿದರು. ಲಿಯೋನಾ ಚಾಮರ್ಸ್ ರಬ್ಬರಿನ ಮುಟ್ಟಿನ ಬಟ್ಟಲಿಗೆ ಪೇಟೆಂಟ್ ಪಡೆದದ್ದು 1937ರಲ್ಲಿ.

ಅದೇ ಡೆನ್ವರಿನ ಮಕ್ಕಳ ವೈದ್ಯ ಜೇಮ್ಸ್ ಟಾಡ್ 1978ರಲ್ಲಿ ಏಳು ಮಕ್ಕಳಲ್ಲಿ ಕಂಡ ರೋಗವೊಂದನ್ನು ವರ್ಣಿಸಿದ: ಏಕಾಏಕಿ ಜ್ವರ, ಮೈಯೆಲ್ಲ ಕೆಂಪು, ರಕ್ತದೊತ್ತಡ ಕುಸಿತ. ಸ್ಟೆಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾದ ವಿಷದಿಂದ ಬರುವ ಇದಕ್ಕೆ ಟಾಕ್ಸಿಕ್ ಶಾಕ್ ಎಂದು ಹೆಸರಿಟ್ಟ. ಎರಡು ವರ್ಷದಲ್ಲಿ ಇದು ಮುಟ್ಟಿನ ದಿನಗಳಲ್ಲಿ ಹೆಚ್ಚು ಹೀರುವ ಟ್ಯಾಂಪೂನ್ ಬಳಸಿದವರಲ್ಲಿ ಬರುತ್ತಿರುವುದು ಗೊತ್ತಾಗಿ, 1980ರ ಸೆಪ್ಟೆಂಬರಿನಲ್ಲಿ ರಿಲೈ ಎಂಬ ಬ್ರ್ಯಾಂಡನ್ನು ಅಮೆರಿಕದ ಮಾರುಕಟ್ಟೆಯಿಂದ ಹಿಂತೆಗೆದರು. ಶಸ್ತ್ರವೈದ್ಯರು ಇದನ್ನು ತಮಗೆ ಸಂಬಂಧಿಸದ ಸುದ್ದಿ ಎಂದು ಓದುವಂತಿರಲಿಲ್ಲ. ಆ ದಶಕದಲ್ಲೇ ಆಪರೇಷನ್ ಗಾಯಗಳಿಂದಲೂ, ಮೂಗಿನ ಆಪರೇಷನ್ ಬಳಿಕ ಒಳಗೆ ತುರುಕಿದ ಗಾಜ್ ಬಟ್ಟೆಯಿಂದಲೂ ಅದೇ ಶಾಕ್ ಬಂದ ವರದಿಗಳು ಬಂದವು. ಮೂಗಿನೊಳಗೆ ಮರೆತ ಪಟ್ಟಿಯೂ ಯೋನಿಯೊಳಗೆ ಮರೆತ ಟ್ಯಾಂಪೂನೂ ಬ್ಯಾಕ್ಟೀರಿಯಾಕ್ಕೆ ಒಂದೇ. ಫ್ಲೀಸ್ ಹುಡುಕಿದ ಸಂಬಂಧ ಅಲ್ಲವಾದರೂ ಮೂಗಿಗೂ ಮುಟ್ಟಿಗೂ ಈ ಮಟ್ಟಿಗೆ ನಂಟು ಸಿಕ್ಕಿತೆನ್ನಬೇಕು.

ಮುಟ್ಟಿನ ದಿನವನ್ನೇ ಸರಿಸುವ ಶಕ್ತಿ ಬಂದದ್ದು ಮಾತ್ರೆಯಿಂದ. ಮೆಕ್ಸಿಕೋ ನಗರದ ಸಿಂಟೆಕ್ಸ್ ಕಂಪನಿಯಲ್ಲಿ ಕಾರ್ಲ್ ಜೆರಾಸಿಯ ತಂಡ 1951ರಲ್ಲಿ ನಾರ್‌ಎಥಿಸ್ಟರೋನ್ ತಯಾರಿಸಿತು. ಹಬ್ಬ, ಮದುವೆ, ಯಾತ್ರೆಯ ಮುಂಚೆ ಕರ್ನಾಟಕದ ಹೆಂಗಸರು ಔಷಧದಂಗಡಿಯಲ್ಲಿ ಕೇಳುವ ಮುಟ್ಟು ಮುಂದೂಡುವ ಮಾತ್ರೆ ಅದೇ. ಆಪರೇಷನ್ ದಿನಕ್ಕೂ ಅದನ್ನು ನುಂಗುವವರಿದ್ದಾರೆ. ಇದರಲ್ಲಿ ಒಂದು ತೊಡಕಿದೆ. ಎಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆಗಳು ರಕ್ತನಾಳದಲ್ಲಿ ಹೆಪ್ಪು ಕಟ್ಟಿಸಬಲ್ಲವು ಎಂದು 1960ರ ದಶಕದಲ್ಲಿ ತಿಳಿಯಿತು. ಬ್ರಿಟನ್ನಿನ ಮಾರ್ಟಿನ್ ವೆಸ್ಸಿ ಮತ್ತು ರಿಚರ್ಡ್ ಡಾಲ್ 1970ರಲ್ಲಿ ಶಸ್ತ್ರಚಿಕಿತ್ಸೆಯ ಬಳಿಕ ಆ ಅಪಾಯ ಹೆಚ್ಚುವುದನ್ನು ತೋರಿಸಿದರು. ದೊಡ್ಡ ಆಪರೇಷನ್ನಿಗೆ ನಾಲ್ಕು ವಾರ ಮುಂಚೆ ಅಂಥ ಮಾತ್ರೆ ನಿಲ್ಲಿಸಬೇಕೆಂಬ ಸೂಚನೆ ಬಂದದ್ದು ಇದರಿಂದ. ನಾರ್‌ಎಥಿಸ್ಟರೋನಿನ ಸ್ವಲ್ಪ ಭಾಗ ಮೈಯೊಳಗೆ ಎಸ್ಟ್ರೋಜನ್ ಆಗಿ ಮಾರ್ಪಡುತ್ತದೆ. ಹಾಗಾಗಿ ಸಂಕೋಚಕ್ಕೆ ಅಂಜಿ ಮುಟ್ಟು ಮುಂದೂಡಿ ಬಂದವಳಿಗಿಂತ ಮುಟ್ಟಾಗಿಯೇ ಬಂದವಳು ಥಿಯೇಟರಿನಲ್ಲಿ ಹೆಚ್ಚು ಸುರಕ್ಷಿತ ಎನ್ನಬಹುದಾದ ಸಂದರ್ಭಗಳಿವೆ.

ಮುಟ್ಟಿನ ಲೆಕ್ಕ ನಿಜವಾಗಿ ಬೇಕಾದ ಆಪರೇಷನ್ ಒಂದು ಭಾರತದಲ್ಲಿ ಅತಿ ಹೆಚ್ಚು ನಡೆಯಿತು. ಸಂತಾನಹರಣ. ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಸಂತಾನ ನಿಯಂತ್ರಣ ಕ್ಲಿನಿಕ್ಕುಗಳಿಗೆ ಅಪ್ಪಣೆ ಕೊಟ್ಟಿತ್ತು. ದೇಶದ ಕುಟುಂಬ ಯೋಜನೆ ಕಾರ್ಯಕ್ರಮ 1952ರಲ್ಲಿ ಶುರುವಾಯಿತು. ಹೆರಿಗೆಯ ಹೊತ್ತಲ್ಲದೆ ಬೇರೆ ದಿನ ಅಂಡನಾಳ ಕಟ್ಟುವುದಾದರೆ ಮುಟ್ಟು ಶುರುವಾದ ಏಳು ದಿನದೊಳಗೆ ಮಾಡಬೇಕೆಂಬುದು ಸರ್ಕಾರದ ಮಾರ್ಗಸೂಚಿ. ಆಗ ಹೊಟ್ಟೆಯಲ್ಲಿ ಗೊತ್ತಾಗದ ಬಸಿರು ಇರುವ ಸಾಧ್ಯತೆ ಇಲ್ಲ ಎನ್ನುವಷ್ಟು ಕಡಿಮೆ. ಮುಟ್ಟಾದವಳನ್ನು ಹಿಂದಕ್ಕೆ ಕಳಿಸುತ್ತಿದ್ದ ಮೇಜು ಇಲ್ಲಿ ಮುಟ್ಟಾಗಿಯೇ ಬಾ ಎಂದಿತು.

ದಿನದ ಲೆಕ್ಕ ಕ್ಯಾನ್ಸರಿನಲ್ಲೂ ಎದ್ದಿತು. ಅಮೆರಿಕದ ವಿಲಿಯಂ ಹ್ರುಶೆಸ್ಕಿ 1989ರಲ್ಲಿ ಕೇವಲ 44 ಹೆಂಗಸರನ್ನು ನೋಡಿ, ಸ್ತನದ ಗಡ್ಡೆಯನ್ನು ಮುಟ್ಟಿನ ಆಸುಪಾಸಿನಲ್ಲಿ ತೆಗೆದರೆ ಕ್ಯಾನ್ಸರ್ ಮರಳುವುದು ಹೆಚ್ಚು ಎಂದ. ಮುಂದೆ ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಮುಖ್ಯಸ್ಥರಾದ ರಾಜೇಂದ್ರ ಬಡ್ವೆ 1991ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯ 249 ರೋಗಿಗಳ ದಾಖಲೆ ತೆಗೆದು ನೋಡಿದರು. ಮುಟ್ಟಾದ 3ರಿಂದ 12ನೇ ದಿನದೊಳಗೆ ಆಪರೇಷನ್ ಆದವರಲ್ಲಿ ಹತ್ತು ವರ್ಷ ಬದುಕಿದವರು ಶೇ. 54, ಬೇರೆ ದಿನಗಳಲ್ಲಿ ಆದವರಲ್ಲಿ ಶೇ. 84. ಇಬ್ಬರ ಕೆಟ್ಟ ದಿನಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ ಎಂಬುದನ್ನು ಗಮನಿಸಬೇಕು. ಹಳೆಯ ದಾಖಲೆ ಕೆದಕುವುದನ್ನು ಬಿಟ್ಟು ರೋಗಿಗಳನ್ನು ಮೊದಲಿನಿಂದಲೇ ಹಿಂಬಾಲಿಸಿ ನಡೆಸಿದ, 2009ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ದಿನದಿಂದ ವ್ಯತ್ಯಾಸ ಕಾಣಲಿಲ್ಲ. ಬಡ್ವೆ ಮುಂಬೈಯಲ್ಲಿ ಸುಮಾರು 1000 ರೋಗಿಗಳಿಗೆ ಆಪರೇಷನ್ ಮುಂಚೆ ಪ್ರೊಜೆಸ್ಟರಾನ್ ಚುಚ್ಚುಮದ್ದು ಕೊಟ್ಟು ಹಾಗೂ ಕೊಡದೆ ಹೋಲಿಸಿದರು. 2011ರ ಆ ಫಲಿತಾಂಶದಲ್ಲಿ ಒಟ್ಟಾರೆ ಲಾಭ ಕಾಣದಿದ್ದರೂ ಕಂಕುಳಿನ ಗ್ರಂಥಿಗೆ ರೋಗ ಹಬ್ಬಿದ್ದವರಲ್ಲಿ ಕಂಡಿತು. ಅರಿವಳಿಕೆಯ ಬಳಿಕದ ವಾಂತಿ ಮುಟ್ಟಿನ ದಿನಗಳಲ್ಲಿ ಹೆಚ್ಚೇ ಎಂಬ ಪ್ರಶ್ನೆಗೂ ಇದೇ ಗತಿಯಾಯಿತು. 1991ರ ಕೆನಡಾದ ವರದಿ ಹೌದೆಂದಿತು, ಮುಂದಿನ ಪರಿಶೀಲನೆಗಳು ಅಲ್ಲವೆಂದವು.

ಈಗಿನ ರೂಢಿಯಲ್ಲಿ ಮುಟ್ಟು ಆಪರೇಷನ್ ಮುಂದೂಡುವ ಕಾರಣವಲ್ಲ. ಗರ್ಭಕೋಶದ ಒಳಗೆ ನೋಡಬೇಕಾದ ಪರೀಕ್ಷೆ, ಯೋನಿಮಾರ್ಗದ ಕೆಲವು ರಿಪೇರಿಗಳು ಮಾತ್ರ ಸ್ರಾವ ನಿಂತ ಮೇಲಿನ ದಿನಗಳಿಗೆ ಕಾಯುತ್ತವೆ. ಕೊನೆಯ ಮುಟ್ಟಿನ ತಾರೀಖನ್ನು ಕೇಸ್ ಶೀಟಿನಲ್ಲಿ ಬರೆದುಕೊಳ್ಳುವುದು ಮುಖ್ಯವಾಗಿ ಬಸಿರಿಲ್ಲವೆಂದು ಖಾತ್ರಿಪಡಿಸಿಕೊಳ್ಳಲು. ಹೆಚ್ಚು ಸ್ರಾವವಿರುವವರ ಹಿಮೋಗ್ಲೋಬಿನ್ ನೋಡುತ್ತಾರೆ. ಥಿಯೇಟರಿಗೆ ಪ್ಯಾಡ್ ಹಾಕಿಕೊಂಡೇ ಹೋಗಬಹುದು. ಅಲ್ಲಿ ಬಳಸಿ ಎಸೆಯುವ ಚಡ್ಡಿ ಕೊಡುತ್ತಾರೆ, ಬೇಕಿದ್ದರೆ ಸಿಸ್ಟರ್ ಪ್ಯಾಡ್ ಬದಲಿಸುತ್ತಾರೆ, ಎಚ್ಚರವಾದ ಮೇಲೆ ರಿಕವರಿ ಕೋಣೆಯಲ್ಲಿ ಮತ್ತೊಮ್ಮೆ. ಟ್ಯಾಂಪೂನ್, ಮುಟ್ಟಿನ ಕಪ್ ಮಾತ್ರ ಅರಿವಳಿಕೆಗೆ ಮುನ್ನ ತೆಗೆಯಬೇಕು. ಆಪರೇಷನ್ ಎಷ್ಟು ಹೊತ್ತು ಹಿಡಿದೀತೆಂದು ಹೇಳಲಾಗದು, ಬೆನ್ನಿಗೆ ಅರಿವಳಿಕೆ ಕೊಟ್ಟವರಿಗೆ ಸೊಂಟದ ಕೆಳಗೆ ಗಂಟೆಗಟ್ಟಲೆ ಸ್ಪರ್ಶ ತಿಳಿಯದು, ಮೂತ್ರಕ್ಕೆ ಕೊಳವೆ ಹಾಕಿದ್ದರೆ ಶೌಚಾಲಯಕ್ಕೆ ಹೋಗುವ ನೆಪವೂ ಇರದೆ ಒಳಗಿಟ್ಟದ್ದು ಮರೆತೇ ಹೋಗುತ್ತದೆ.